ಗೆರೆಯಾಚೆಯಿಂದ ಬಂದ ಚೆಂಡು

ದೀಪಾವಳಿ ಕಳೆದ ವಾರ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿ, ಬರುವ ಮುಂಗಾರಿಗೆ ಆಟದ ಮೈದಾನವನ್ನು ಉತ್ತು ರಾಗಿ ಬಿತ್ತಿಸುವ ಯೋಚನೆ ಇದೆ ಎಂದರು. ಯುದ್ಧದ ಕಾಲ. ಊರಿಗೆ ಪಡಿತರ ಬಂದಿತ್ತು. ಖಾಲಿ ಬಿದ್ದ ನೆಲದಲ್ಲೆಲ್ಲ ಬೆಳೆ ತೆಗೆಯಿರಿ ಎಂಬ ಸುತ್ತೋಲೆ ಅವರ ಮೇಜಿನ ಮೇಲೇ ಇತ್ತು. ಅವರು ಕೆಟ್ಟವರಲ್ಲ. ಗಣಿತದ ಮೇಷ್ಟರು, ಯಾವುದಕ್ಕೂ ಕಾರಣ ಕೇಳುವವರು. ವರ್ಷವೂ ಮಂಡ್ಯದ ಪಂದ್ಯಾವಳಿಗೆ ಹೋಗಿ ಮೊದಲ ಆಟದಲ್ಲೇ ಸೋತು ಬರುತ್ತೀರಿ, ಆ ಹುಡುಗರು ಮೈದಾನದಲ್ಲಿ ಏನು ಕಲಿಯುತ್ತಾರೆ ಎಂದು ಯಾರಾದರೂ ಕೇಳಿದರೆ ನಾನೇನು ಹೇಳಲಿ ಎಂದರು. ಮಳವಳ್ಳಿ ಶಾಲೆಗೆ ಡ್ರಿಲ್ ಮೇಷ್ಟರಾಗಿ ನಾನು ಬಂದು ನಾಲ್ಕು ವರ್ಷವಾಗಿತ್ತು. ಈ ಸಲದ ಪಂದ್ಯಾವಳಿ ಮುಗಿದ ಮೇಲೆ ತೀರ್ಮಾನ ಮಾಡಿ ಎಂದು ಕೇಳಿಕೊಂಡೆ. ಒಪ್ಪಿದರು.

ನಮ್ಮದು ಬರಿಗಾಲಿನ ಫುಟ್‌ಬಾಲ್ ತಂಡ. ಇದ್ದದ್ದು ಒಂದೇ ಚರ್ಮದ ಚೆಂಡು. ಅದರೊಳಗಿನ ರಬ್ಬರ್ ಚೀಲಕ್ಕೆ ಎಷ್ಟು ತೇಪೆ ಬಿದ್ದಿತ್ತೆಂದರೆ, ಗಾಳಿ ತುಂಬಿದಾಗ ಒಂದು ಪಕ್ಕಕ್ಕೆ ಉಬ್ಬಿಕೊಳ್ಳುತ್ತಿತ್ತು. ತೇಪೆ ಹಾಕುತ್ತಿದ್ದವರು ಮದ್ದೂರು ರಸ್ತೆಯಲ್ಲಿ ಷೆಡ್ಡು ಇಟ್ಟುಕೊಂಡಿದ್ದ ಮೆಕ್ಯಾನಿಕ್ ಸಾಹೇಬರು. ಪೆಟ್ರೋಲ್ ಸಿಕ್ಕದ ಆ ದಿನಗಳಲ್ಲಿ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಗ್ಯಾಸಿನ ಒಲೆ ಕಟ್ಟುವುದು ಅವರ ಕೆಲಸ. ಅವರ ಮಗನೇ ನಮ್ಮ ತಂಡದ ನಾಯಕ.

ಅದೇ ವಾರ ಸಾಹೇಬರು ಮಗನನ್ನು ಓಡಿಸಿ ನನ್ನನ್ನು ಷೆಡ್ಡಿಗೆ ಕರೆಸಿಕೊಂಡರು. ಬೆಂಗಳೂರಿನಿಂದ ಶಿವನಸಮುದ್ರ ನೋಡಲು ಹೊರಟಿದ್ದ ಅಮೆರಿಕನ್ ಸೈನಿಕರ ಲಾರಿಯೊಂದು ಊರ ಹೊರಗಿನ ಹಳ್ಳಕ್ಕೆ ಇಳಿದು, ಹಿಂದಿನ ಗಾಲಿಯ ಸ್ಪ್ರಿಂಗ್ ಪಟ್ಟಿ ಮುರಿದುಕೊಂಡು ನಿಂತಿತ್ತು.

“ಮೇಷ್ಟ್ರೇ, ಅವ್ರು ಕೇಳೋದು ನಂಗೆ ತಿಳೀತಿಲ್ಲ, ನಾನ್ ಯೋಳೋದು ಅವ್ರಿಗೆ ತಿಳೀತಿಲ್ಲ,” ಎಂದರು ಸಾಹೇಬರು. “ಈ ಪಟ್ಟಿ ಇಲ್ಲಿ ಸಿಕ್ಕಾಕಿಲ್ಲ ಅಂತ ವಸಿ ಬುಡಿಸಿ ಯೋಳಿ.”

ನಾನು ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಣ ಕಲಿತವನಾದ್ದರಿಂದ ಇಂಗ್ಲಿಷ್ ಬರುತ್ತಿತ್ತು. ಬಿಡಿಸಿ ಹೇಳಿದೆ. ಮೂವರು ಸೈನಿಕರು ಹೊಸ ಪಟ್ಟಿ ತರಲು ಬಸ್ಸು ಹತ್ತಿ ಬೆಂಗಳೂರಿಗೆ ಹಿಂತಿರುಗಿದರು. ಲಾರಿ ಕಾಯಲು ಉಳಿದವನು ನಲವತ್ತು ದಾಟಿದ, ಕಿವಿಯ ಪಕ್ಕ ಕೂದಲು ನರೆತಿದ್ದ ಸಾರ್ಜೆಂಟ್. ಪ್ರವಾಸಿ ಬಂಗಲೆಯಲ್ಲಿ ನಾಲ್ಕು ದಿನ ಇದ್ದ. ಜಲಪಾತ ನೋಡಲು ಜಟಕಾ ಮಾಡಿಕೊಡುತ್ತೇನೆ ಎಂದರೂ ಲಾರಿ ಬಿಟ್ಟು ಹೋಗಲಿಲ್ಲ.

ಮೊದಲ ಸಂಜೆ ಅವನು ಮೈದಾನಕ್ಕೆ ಬಂದು ಕಲ್ಲಿನ ಉರುಳೆಯ ಮೇಲೆ ಕುಳಿತ. ಬರಿಗಾಲು, ಸೊಟ್ಟ ಚೆಂಡು ನೋಡಿ ನಗುತ್ತಾನೇನೋ ಎಂದು ನನಗೆ ಮುಜುಗರ. ಅವನು ನಗಲಿಲ್ಲ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೇನೋ ಗೀಚಿಕೊಂಡ. ಆಟ ಮುಗಿದ ಮೇಲೆ ಹೇಳಿದ: ಸೈನ್ಯ ಸೇರುವ ಮುಂಚೆ ತಾನೂ ನನ್ನಂಥವನೇ, ಒಂದು ಸಣ್ಣ ಊರಿನ ಶಾಲೆಯಲ್ಲಿ ಹದಿನಾರು ವರ್ಷ ಫುಟ್‌ಬಾಲ್ ಕಲಿಸಿದವನು.

ಆದರೆ ಅವನ ಫುಟ್‌ಬಾಲ್ ಬೇರೆ. ಚೆಂಡು ಗುಂಡಗಿರುವುದಿಲ್ಲ, ಎರಡೂ ತುದಿ ಚೂಪು. ಅದನ್ನು ಕೈಯಲ್ಲಿ ಹಿಡಿದು ಓಡಬೇಕು, ಎಸೆಯಬೇಕು, ಎದುರಿನವರು ಓಡುವವನನ್ನು ಕೆಡವಬೇಕು. ಕೆಡವಿದೊಡನೆ ಆಟ ನಿಲ್ಲುತ್ತದೆ. ಎಲ್ಲರೂ ಎದ್ದು, ಗುಂಪಾಗಿ ಗುಸುಗುಸು ಮಾತಾಡಿ, ಮತ್ತೆ ಸಾಲಾಗಿ ನಿಂತು ಶುರು ಮಾಡುತ್ತಾರೆ. ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಹುಡುಗರಿಗೆ ನಂಬಿಕೆಯೇ ಬರಲಿಲ್ಲ. ನಾಯಕ ಒಂದು ಪ್ರಶ್ನೆ ಕೇಳಿದ.

“ಕೈಯಾಗೆ ಎತ್ಕೊಂಡು ಓಡೋದಾದ್ರೆ ಅದಕ್ಕೆ ಫುಟ್‌ಬಾಲ್ ಅಂತ ಯಾಕ್ ಕರೀತಾರೆ ಸಾ?”

ನಾನು ಅದನ್ನು ದಾಟಿಸಿದೆ. ಸಾರ್ಜೆಂಟ್, ಹದಿನಾರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನನಗೂ ಗೊತ್ತಿಲ್ಲ ಎಂದ. ಆಮೇಲೆ ಬಂಗಲೆಯ ಹಿತ್ತಿಲಿನಿಂದ ಒಂದು ಸುಲಿದ ತೆಂಗಿನಕಾಯಿ ತರಿಸಿ, ಬೆರಳು ಹೀಗೆ ಇಟ್ಟು ಹೀಗೆ ತಿರುಗಿಸಬೇಕು ಎಂದು ತೋರಿಸಿ ಎಸೆದ. ಕಾಯಿ ಬುಗುರಿಯಂತೆ ಸುತ್ತುತ್ತ ಅರ್ಧ ಮೈದಾನ ದಾಟಿತು. ಹಿಡಿಯಲು ಹೋದ ನಾಯಕ ಅದರ ಪೆಟ್ಟಿಗೆ ಅಲ್ಲೇ ಕುಕ್ಕರಿಸಿ ಕುಳಿತ. ಹುಡುಗರು ಆ ದಿನ ಕತ್ತಲಾದರೂ ಮನೆಗೆ ಹೋಗಲಿಲ್ಲ.

ನನಗೆ ಆ ಆಟಕ್ಕಿಂತ ಅವನ ಕೆಲಸದ ಮೇಲೆ ಕುತೂಹಲ. ಎರಡು ಸಂಜೆ ಬಿಡದೆ ಕೇಳಿದೆ. ಸುತ್ತ ಗೋಧಿ ಹೊಲ, ನಡುವೆ ಅವನ ಊರು, ಒಂದೇ ಶಾಲೆ. ಹೊಲದಲ್ಲಿ ದುಡಿದು ಬರುವ ಹುಡುಗರು. ಅವನು ಕೆಲಸಕ್ಕೆ ಸೇರಿದಾಗ ಆ ಶಾಲೆ ಗೆದ್ದದ್ದನ್ನು ಯಾರೂ ಕಂಡಿರಲಿಲ್ಲವಂತೆ. ಕೆಲವು ವರ್ಷದಲ್ಲಿ ಸುತ್ತಲ ದೊಡ್ಡ ಊರುಗಳೂ ಅವನ ಹುಡುಗರೆಂದರೆ ಹೆದರುವಂತಾಯಿತು. ಆಟದ ದಿನ ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಇದನ್ನು ಅವನು ಜಂಬವಿಲ್ಲದೆ, ಸಾಹೇಬರು ಎಂಜಿನ್ ಬಗ್ಗೆ ಮಾತಾಡುವ ಹಾಗೆ ಹೇಳಿದ. ಒಳ್ಳೆಯ ಆಟಗಾರರು ತನಗೆ ಸಿಕ್ಕಿದ್ದು ಎರಡು ವರ್ಷ ಮಾತ್ರ. ಉಳಿದ ವರ್ಷಗಳಲ್ಲಿ ಇರುವ ಹುಡುಗನಿಗೆ ಏನು ಬರುತ್ತದೋ ಅದಕ್ಕೆ ತಕ್ಕ ಕೆಲಸ ಹುಡುಕಿಕೊಟ್ಟೆ, ಅಷ್ಟೆ ಎಂದ. ಅವನು ಸೋತ ಒಂದು ಆಟದ ಕಥೆಯನ್ನೂ ಹೇಳಿದ. ನಿಯಮದೊಳಗೇ ಇದ್ದ, ಆದರೆ ಯಾರೂ ಕಂಡಿರದ ಒಂದು ಉಪಾಯವನ್ನು ಗುಟ್ಟಾಗಿ ಕಲಿಸಿ ಆಡಿಸಿದ. ಅಂಕ ಬಂತು. ರೆಫರಿಗೆ ಆ ನಿಯಮ ಗೊತ್ತಿರಲಿಲ್ಲ. ಅಂಕ ರದ್ದಾಯಿತು, ಹುಡುಗರ ಎದೆ ಒಡೆಯಿತು. ಅಂದು ತಪ್ಪು ರೆಫರಿಯದಲ್ಲ, ಆಟಕ್ಕೆ ಮುಂಚೆ ಅವರನ್ನು ಕೇಳಿಕೊಳ್ಳದ ನನ್ನದು ಎಂದ.

ಕೊನೆಯ ಸಂಜೆ ಅವನೇ ನನ್ನನ್ನು ಒಂದು ಪ್ರಶ್ನೆ ಕೇಳಿದ. ನಮ್ಮ ಆಟ ನಿಂತು ನಿಂತು ಸಾಗುತ್ತದೆ, ನಿಂತಾಗಲೆಲ್ಲ ನಾವು ಯೋಚಿಸುತ್ತೇವೆ. ನಿಮ್ಮದು ಓಡುತ್ತಲೇ ಇರುತ್ತದೆ. ಆದರೂ ಎಷ್ಟು ಸಲ ನಿಲ್ಲುತ್ತದೆ? ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಮಾರನೆಯ ಬೆಳಿಗ್ಗೆ ಪಟ್ಟಿ ಬಂತು, ಸಾಹೇಬರು ಮಧ್ಯಾಹ್ನದೊಳಗೆ ಕೂಡಿಸಿದರು, ಲಾರಿ ಜಲಪಾತದ ದಾರಿಯಲ್ಲಿ ಬೆಳಕವಾಡಿ ಕಡೆಗೆ ಹೊರಟಿತು. ಆಮೇಲೆ ಅವನನ್ನು ನಾನು ನೋಡಲಿಲ್ಲ.

ಮುಂದಿನ ಅಭ್ಯಾಸದ ಆಟಕ್ಕೆ ನಾನು ಹುಣಸೆ ಬೀಜ ತುಂಬಿಕೊಂಡು ಹೋದೆ. ಆಟ ನಿಂತಾಗಲೆಲ್ಲ ಒಂದು ಬೀಜವನ್ನು ಎಡಜೇಬಿನಿಂದ ಬಲಜೇಬಿಗೆ ಹಾಕುವುದು. ಅರ್ಧ ಆಟಕ್ಕೇ ಎಡಜೇಬು ಖಾಲಿ. ನಮ್ಮ ಮೈದಾನ ಪೂರ್ವಕ್ಕೆ ಇಳಿಜಾರು. ಚೆಂಡು ಮತ್ತೆ ಮತ್ತೆ ಪಕ್ಕದ ಗೆರೆ ದಾಟಿ ಉರುಳುತ್ತಿತ್ತು. ಪ್ರತಿ ಸಲವೂ ಹತ್ತಿರವಿದ್ದವನು ಅದನ್ನೆತ್ತಿ, ಕಂಡವರ ಕಡೆ ಒಗೆದು ಆಟಕ್ಕೆ ಇಳಿಯುತ್ತಿದ್ದ. ಅದನ್ನು ನಾನು ನಾಲ್ಕು ವರ್ಷ ನೋಡಿದ್ದೆ, ಆದರೆ ಆಟದ ಭಾಗ ಎಂದುಕೊಂಡಿರಲಿಲ್ಲ.

ಅಂದು ಮನೆಗೆ ಹೋಗಿ ಮದ್ರಾಸಿನಿಂದ ತಂದಿದ್ದ ನಿಯಮದ ಪುಸ್ತಕ ತೆಗೆದು, ಚೆಂಡೆಸೆತದ ನಿಯಮವನ್ನು ಅಕ್ಷರ ಬಿಡದೆ ಓದಿದೆ. ಎರಡೂ ಕೈಯಿಂದ, ತಲೆಯ ಮೇಲಿನಿಂದ ಎಸೆಯಬೇಕು. ಎರಡೂ ಪಾದ ನೆಲಕ್ಕೆ ತಾಗಿರಬೇಕು. ಎಸೆತ ಯಾರಿಗೂ ತಾಗದೆ ಗೋಲಿಗೆ ಹೋದರೆ ಅದು ಗೋಲಲ್ಲ. ಇದೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಬೇರೊಂದು ಪುಟದಲ್ಲಿತ್ತು. ಸಾಮಾನ್ಯವಾಗಿ, ಚೆಂಡು ಬರುವ ಮುಂಚೆಯೇ ಎದುರಾಳಿಗಳನ್ನು ದಾಟಿ ಗೋಲಿನ ಮುಂದೆ ಹೋಗಿ ಕಾಯುವವನನ್ನು ಆಫ್‌ಸೈಡ್ ಎಂದು ತಡೆಯುತ್ತಾರೆ. ಆದರೆ ಚೆಂಡು ಗೆರೆಯಾಚೆಯಿಂದ ಎಸೆತವಾಗಿ ಬಂದರೆ ಆ ತಡೆ ಇಲ್ಲ. ಎಲ್ಲಿ ಬೇಕಾದರೂ ನಿಲ್ಲಬಹುದು. ಮೂರು ಸಲ ಓದಿದೆ. ಹಾಗಾದರೆ ಮೂಲೆಯ ಹತ್ತಿರದಿಂದ ಗೋಲಿನ ಬಾಯಿಯವರೆಗೆ ಎಸೆಯಬಲ್ಲ ಒಬ್ಬ ಹುಡುಗ ಬೇಕು. ಸುಮಾರು ಇಪ್ಪತ್ತೈದು ಗಜ. ತಂಡದ ಹನ್ನೊಂದು ಮಂದಿಯಿಂದಲೂ ಎಸೆಸಿ ನೋಡಿದೆ. ಹದಿನೈದು ಗಜ ದಾಟಿದವನಿಲ್ಲ.

ಸುಗ್ಗಿಯ ಹೊತ್ತಿಗೆ ಬೆಳಕವಾಡಿಯಲ್ಲಿ ಒಬ್ಬ ಸಹೋದ್ಯೋಗಿಯ ಮನೆಗೆ ಹೋಗಿದ್ದೆ. ಕಣದಲ್ಲಿ ಭತ್ತದ ಮೆದೆ ಒಟ್ಟುತ್ತಿದ್ದರು. ಆಳೆತ್ತರಕ್ಕಿಂತ ಮೇಲೆದ್ದ ಮೆದೆಯ ತುದಿಗೆ, ಕೆಳಗಿನಿಂದ ಒಬ್ಬ ಹುಡುಗ ಭತ್ತದ ಸಿವುಡು ಕಟ್ಟುಗಳನ್ನು ತಲೆಯ ಮೇಲಿಂದ ಎರಡೂ ಕೈಯಲ್ಲಿ ಎಸೆಯುತ್ತಿದ್ದ. ಒಂದೂ ಗುರಿ ತಪ್ಪುತ್ತಿರಲಿಲ್ಲ. ಹತ್ತಿರ ಹೋದರೆ ನಮ್ಮ ಶಾಲೆಯವನೇ. ಡ್ರಿಲ್ಲಿನಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವವನು, ಓಟದಲ್ಲಿ ಸದಾ ಕೊನೆ. ನಾನೇ ಅವನನ್ನು ತಂಡದ ಆಯ್ಕೆಯಲ್ಲಿ ಎರಡು ಸಲ ಬಿಟ್ಟಿದ್ದೆ.

“ಫುಟ್‌ಬಾಲ್ ಆಡೀಯೇನಪ್ಪಾ?” ಎಂದೆ.

“ನಂಗೆ ಓಡಕ್ಕಾಗಾಕಿಲ್ಲ ಕಣ್ ಸಾ,” ಎಂದ, ತಲೆ ತಗ್ಗಿಸಿ.

ಓಡುವುದು ಬೇಡ ಎಂದೆ. ಅವನಿಗೆ ತಮಾಷೆ ಎನಿಸಿರಬೇಕು. ಸೋಮವಾರ ಮೈದಾನಕ್ಕೆ ಬಂದ ಅವನ ಮೊದಲ ಎಸೆತ ಗೋಲಿನ ಹತ್ತಿರದ ಕಂಬಕ್ಕೆ ಹೋಗಿ ತಾಗಿತು.

ತಂಡಕ್ಕೆ ಇದು ಹಿಡಿಸಲಿಲ್ಲ. ಅವನಿಗೆ ಜಾಗ ಕೊಡಲು ನಾನು ಚುರುಕಾದ ಒಬ್ಬನನ್ನು ಕೂರಿಸಬೇಕಾಯಿತು. ಇದು ಫುಟ್‌ಬಾಲಾ ಇಲ್ಲ ಮೆದೆ ಒಟ್ಟೋ ಕೆಲಸವಾ ಎಂದು ನಾಯಕ ನನಗೆ ಕೇಳಿಸುವಂತೆಯೇ ಗೊಣಗಿದ. ಮೂರು ವಾರ ಬೇರೆ ಅಭ್ಯಾಸ ಬಿಟ್ಟು ಎಸೆತ ಒಂದನ್ನೇ ಆಡಿಸಿದೆ. ತಂಡದ ಎತ್ತರದ ಹುಡುಗ ಹತ್ತಿರದ ಕಂಬದ ಬಳಿ ನಿಂತು ಚೆಂಡನ್ನು ತಲೆಯಿಂದ ಹಿಂದಕ್ಕೆ ಸವರಬೇಕು. ಹಿಂದೆ ಓಡಿಬರುವ ನಾಯಕ ಒದೆಯಬೇಕು. ಚೆಂಡಿನ ದಾರದ ಹೊಲಿಗೆ ಹಣೆಗೆ ತಾಗಿದರೆ ಬರೆ ಬೀಳುತ್ತಿತ್ತು. ಎತ್ತರದ ಹುಡುಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವನಿಗೆ ಮೊದಲು ಬಟ್ಟೆಯ ಉಂಡೆಯಿಂದ, ಆಮೇಲೆ ಗಾಳಿ ಕಮ್ಮಿ ಮಾಡಿದ ಚೆಂಡಿನಿಂದ ಕಲಿಸಿದೆ.

ಜನವರಿಯಲ್ಲಿ ಮದ್ದೂರಿನ ಶಾಲೆಯ ಜೊತೆ ಸ್ನೇಹದ ಪಂದ್ಯ ಇಟ್ಟುಕೊಂಡೆವು. ಮೊದಲ ಎಸೆತಕ್ಕೇ ರೆಫರಿ ಸೀಟಿ ಊದಿದರು: ತಪ್ಪೆಸೆತ. ಎರಡನೆಯದಕ್ಕೂ ಊದಿದರು, ಮೂರನೆಯದಕ್ಕೂ. ನಾಲ್ಕನೆಯ ಸಲ ಬೆಳಕವಾಡಿಯ ಹುಡುಗ ಹೆದರಿ ಚೆಂಡನ್ನು ಕಾಲ ಬುಡಕ್ಕೇ ಬೀಳಿಸಿದ. ನೋಡುವವರು ನಕ್ಕರು. ಮೂರು ಗೋಲಿನಿಂದ ಸೋತೆವು. ಹಿಂತಿರುಗುವ ಬಸ್ಸು ದಾರಿಯಲ್ಲಿ ಇದ್ದಿಲು ಕೆದಕಲು ನಿಂತಾಗ ಅವನು ಇಳಿದು, ಒಬ್ಬನೇ ಹೋಗಿ ಬದುವಿನ ಮೇಲೆ ಕುಳಿತ. ನಾಳೆಯಿಂದ ಬರುವುದಿಲ್ಲ ಎಂದ.

ನನಗೆ ರೆಫರಿಯ ಮೇಲೆ ಸಿಟ್ಟಿತ್ತು. ಆದರೂ ಮಾರನೆಯ ದಿನ ಅವನನ್ನು ಒಪ್ಪಿಸಿ ಕರೆತಂದು ಒಂದು ಪರೀಕ್ಷೆ ಮಾಡಿದೆ. ಗೆರೆಯ ಹಿಂದೆ ಒಲೆಯ ಬೂದಿಯನ್ನು ತೆಳ್ಳಗೆ ಹರಡಿ, ಅದರ ಮೇಲೆ ನಿಂತು ಎಸೆಯಲು ಹೇಳಿದೆ. ಎಸೆದ ಮೇಲೆ ಬಗ್ಗಿ ನೋಡಿದರೆ ಮುಂದಿನ ಪಾದದ ಗುರುತು ಅಚ್ಚೊತ್ತಿದಂತಿತ್ತು. ಹಿಂದಿನ ಪಾದ ಇದ್ದಲ್ಲಿ ಗುರುತು ಅರ್ಧಕ್ಕೇ ನಿಂತಿತ್ತು. ರೆಫರಿ ಸರಿ. ಸಿವುಡು ಎಸೆಯುವವನು ಕೊನೆಯ ಗಳಿಗೆಯಲ್ಲಿ ಹಿಂದಿನ ಕಾಲು ಎತ್ತುತ್ತಾನೆ. ಕಣದಲ್ಲಿ ಅದನ್ನು ಕೇಳುವವರಿಲ್ಲ. ಅವನಿಗೂ ಆ ಗುರುತು ತೋರಿಸಿದೆ. ಕೂತು ನೋಡಿದ.

“ಎಬ್ಬೆಟ್ಟು ನೆಲ ಬುಡ್ದಂಗೆ ಎಳ್ಕೊಂಡ್ರೆ ಆಯ್ತದಾ ಸಾ?” ಎಂದ.

ಆಗುತ್ತದೆ ಎಂದೆ. ಆಮೇಲೆ ದಿನವೂ ಬೂದಿ. ಹೆಬ್ಬೆಟ್ಟು ಬೂದಿಯಲ್ಲಿ ಉದ್ದ ಗೆರೆ ಎಳೆದರೆ ಎಸೆತ ಸರಿ. ಗೆರೆ ತುಂಡಾದರೆ ತಪ್ಪು. ಮೊದಲ ವಾರ ಐದು ಗಜ ಕಮ್ಮಿಯಾಯಿತು. ಸೊಂಟವನ್ನು ಇನ್ನಷ್ಟು ಹಿಂದಕ್ಕೆ ಬಾಗಿಸುವುದನ್ನು ಅವನೇ ಕಂಡುಕೊಂಡ ಮೇಲೆ ಮೂರು ಗಜ ಮರಳಿ ಬಂತು. ಗೊಣಗುತ್ತಿದ್ದ ನಾಯಕ ಒಂದು ದಿನ ತಾನಾಗಿ ಕೂತು ಬೂದಿಯ ಗುರುತು ಓದತೊಡಗಿದ.

ಫೆಬ್ರವರಿಯಲ್ಲಿ ಮಂಡ್ಯಕ್ಕೆ ಹೋದೆವು. ಆಟಗಳ ಹಿಂದಿನ ದಿನ ಎಲ್ಲ ಶಾಲೆಗಳ ಡ್ರಿಲ್ ಮೇಷ್ಟರು, ರೆಫರಿಗಳು ಸೇರಿ ನಿಯಮಗಳ ಬಗ್ಗೆ ಅನುಮಾನ ಇದ್ದರೆ ಬಗೆಹರಿಸಿಕೊಳ್ಳುವ ಸಭೆ. ಇಲ್ಲಿ ನನಗೆ ಇಕ್ಕಟ್ಟು. ಎಸೆತಕ್ಕೆ ಆಫ್‌ಸೈಡ್ ಇಲ್ಲ ಎಂಬುದು ಅಲ್ಲಿದ್ದ ಎಷ್ಟು ಜನಕ್ಕೆ ಗೊತ್ತಿದೆಯೋ ತಿಳಿಯದು. ನಾನು ಕೇಳಿದರೆ ಎಲ್ಲರಿಗೂ ನನ್ನ ಗುಟ್ಟು ಗೊತ್ತಾಗುತ್ತದೆ. ಮಾರನೆಯ ದಿನ ನನ್ನ ಎತ್ತರದ ಹುಡುಗನ ಸುತ್ತ ಗೋಡೆ ಕಟ್ಟುತ್ತಾರೆ. ಕೇಳದಿದ್ದರೆ, ಗೋಲು ಬಿದ್ದ ಮೇಲೆ ರೆಫರಿ ಅದನ್ನು ರದ್ದು ಮಾಡಿದರೆ? ಬೆಳಕವಾಡಿಯ ಹುಡುಗ ಬದುವಿನ ಮೇಲೆ ಕುಳಿತದ್ದು ಕಣ್ಣ ಮುಂದೆ ಬಂತು. ಇನ್ನೊಂದು ಸಲ ಅವನು ಎದ್ದು ಬರುವುದಿಲ್ಲ ಎನಿಸಿತು. ಸಭೆ ಮುಗಿಯುವ ಹೊತ್ತಿಗೆ ಎದ್ದು ನಿಂತು, ನಿಯಮದ ಪುಸ್ತಕ ಬಿಡಿಸಿ, ಆ ಸಾಲನ್ನು ಗಟ್ಟಿಯಾಗಿ ಓದಿ, ನಾಳೆ ಇದು ನಡೆಯುತ್ತದೆಯೋ ಎಂದು ಕೇಳಿದೆ. ರೆಫರಿಗಳಲ್ಲಿ ಹಿರಿಯರು ಪುಸ್ತಕ ತರಿಸಿಕೊಂಡು ತಾವೂ ಓದಿದರು. ನಡೆಯುತ್ತದೆ ಎಂದರು. ಮಂಡ್ಯ ಶಾಲೆಯ ಡ್ರಿಲ್ ಮೇಷ್ಟರು ನನ್ನನ್ನೇ ನೋಡುತ್ತಿದ್ದರು.

ಮೊದಲ ಎರಡು ಆಟಗಳಲ್ಲಿ ಎದುರಾಳಿಗಳಿಗೆ ತಯಾರಾಗಲು ಪುರಸೊತ್ತಿರಲಿಲ್ಲ. ಎರಡನ್ನೂ ಎಸೆತದಿಂದ ಹುಟ್ಟಿದ ಗೋಲುಗಳಿಂದಲೇ ಗೆದ್ದೆವು. ಮೊದಲನೆಯ ಗೋಲಿಗೆ ಎದುರಾಳಿಗಳು ಕೈ ಎತ್ತಿ ಕೂಗಿಕೊಂಡರು. ರೆಫರಿ ನಡುಗೆರೆಯ ಕಡೆ ಬೆರಳು ತೋರಿಸಿದರು: ಗೋಲು.

ಕೊನೆಯ ಆಟ ಮಂಡ್ಯದವರ ಮೇಲೆ. ಅವರಿಗೆ ಬೂಟು ಇತ್ತು, ನೋಡಲು ಇಡೀ ಊರೇ ಇತ್ತು. ಅವರ ಮೇಷ್ಟರು ನಿದ್ದೆಗೆಟ್ಟು ಯೋಚಿಸಿದ್ದರೆಂದು ಕಾಣುತ್ತದೆ. ನಾವು ಎಸೆಯಲು ನಿಂತ ಕೂಡಲೇ ಮೂವರು ಬಂದು ಎತ್ತರದ ಹುಡುಗನನ್ನು ಸುತ್ತುವರಿಯುತ್ತಿದ್ದರು. ಆರು ಎಸೆತ ವ್ಯರ್ಥವಾಯಿತು. ಅಷ್ಟರಲ್ಲಿ ಅವರು ಒಂದು ಗೋಲು ಹೊಡೆದರು. ಹೇಗೋ ನಾಯಕ ಒಬ್ಬನೇ ನುಗ್ಗಿ ಅದನ್ನು ಸರಿಗಟ್ಟಿದ. ಆಮೇಲೆ ಚೆಂಡು ಎರಡೂ ಕಡೆ ಹೋಗಿ ಬಂದು ಮಾಡುತ್ತ, ಹೊತ್ತು ಮುಗಿಯತೊಡಗಿತು. ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಎಂದು ನನಗೆ ಅನಿಸದೆ ಇರಲಿಲ್ಲ.

ಕೊನೆಯ ನಿಮಿಷಗಳಲ್ಲಿ ಮತ್ತೊಂದು ಎಸೆತ, ಮೂಲೆಯ ಹತ್ತಿರ. ಬೆಳಕವಾಡಿಯ ಹುಡುಗ ಎಂದಿನಂತೆ ಹಿಂದಕ್ಕೆ ಬಾಗಿದ. ಎತ್ತರದ ಹುಡುಗ ಎಂದಿನಂತೆ ಕಂಬದ ಬಳಿ ಕೈ ಎತ್ತಿ ಕೂಗಿದ. ಮೂವರೂ ಅವನ ಕಡೆ ಧಾವಿಸಿದರು. ಎಸೆತ ಅಲ್ಲಿಗೆ ಹೋಗಲೇ ಇಲ್ಲ. ಆ ಗುಂಪಿನಿಂದ ನಾಲ್ಕು ಹೆಜ್ಜೆ ಆಚೆ ಸುಮ್ಮನೆ ನಿಂತಿದ್ದ ನಾಯಕನ ಕಾಲ ಬಳಿ ಚೆಂಡು ಮೆತ್ತಗೆ ಬಿತ್ತು. ಅವನ ಮುಂದೆ ಯಾರೂ ಇರಲಿಲ್ಲ. ಎರಡು ಹೆಜ್ಜೆ ಒಳಗೆ ನಡೆದು, ಬರಿಗಾಲಿನ ಒಳಪಕ್ಕದಿಂದ ದೂರದ ಕಂಬದ ಬದಿಗೆ ಸರಿಸಿದ. ಗೋಲು. ಹಾಗೆ ಎಸೆಯಲು ನಾನು ಕಲಿಸಿರಲಿಲ್ಲ. ಒಂದು ದಿನವೂ ಅಭ್ಯಾಸ ಮಾಡಿಸಿರಲಿಲ್ಲ.

ಆಟ ಮುಗಿದ ಮೇಲೆ ಮಂಡ್ಯದ ಮೇಷ್ಟರು ಬಂದು ಕೈ ಹಿಡಿದರು. ನೀವು ಸಭೆಯಲ್ಲಿ ಸುಮ್ಮನಿದ್ದಿದ್ದರೆ ಸುಲಭವಾಗಿ ಗೆಲ್ಲುತ್ತಿದ್ದಿರಲ್ಲ, ಯಾಕೆ ಕೇಳಿದಿರಿ ಎಂದರು. ಗೋಲು ರದ್ದಾದೀತೆಂದು ಹೆದರಿ ಕೇಳಿದೆ ಎಂದು ಇದ್ದದ್ದನ್ನೇ ಹೇಳಿದೆ.

ಸೋಮವಾರ ಮುಖ್ಯೋಪಾಧ್ಯಾಯರು ಕರೆಸಿದರು. ಗೆದ್ದ ಸುದ್ದಿ ಅವರಿಗೆ ಮುಟ್ಟಿತ್ತು. ಗೆದ್ದದ್ದಕ್ಕಿಂತ ಹೇಗೆ ಗೆದ್ದಿರಿ ಎಂಬುದೇ ಅವರಿಗೆ ಬೇಕಿತ್ತು. ಬೀಜ ಎಣಿಸಿದ್ದು, ಬೂದಿ ಹರಡಿದ್ದು, ಮೂವರು ಸುತ್ತುವರಿದದ್ದು ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದರು. ಕೊನೆಯ ಎಸೆತದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಸಿದರು. ಸುತ್ತೋಲೆಗೆ ಉತ್ತರ ಕೊಡಲೇಬೇಕಲ್ಲ ಎಂದು, ಬಾವಿಯ ಹಿಂದಿನ ಜಾಗವನ್ನೂ ತಮ್ಮ ವಸತಿಯ ಅಂಗಳವನ್ನೂ ಉಳಲು ಹೇಳಿದರು. ಮೈದಾನದ ಮಾತು ಎತ್ತಲಿಲ್ಲ.

ಸಂಜೆ ಅಭ್ಯಾಸಕ್ಕೆ ಮುಂಚೆ ನಾಯಕನನ್ನು ಪಕ್ಕಕ್ಕೆ ಕರೆದು, ಆ ಕೊನೆಯ ಎಸೆತವನ್ನು ಯಾರು ಯೋಚಿಸಿದ್ದು ಎಂದು ಕೇಳಿದೆ. ಬೆಳಕವಾಡಿಯ ಹುಡುಗ ಆಚೆ ಚೆಂಡಿಗೆ ಗಾಳಿ ತುಂಬುತ್ತಿದ್ದ. ನಾಯಕ ನನ್ನನ್ನು ವಿಚಿತ್ರವಾಗಿ ನೋಡಿದ.

“ನೀವೇ ಯೋಳಿದ್ರಲ್ಲ ಸಾ. ಮೂರು ಜನ ಅಲ್ಗೋದ್ರೆ ಇಲ್ಲಿ ಮೂರು ಜನ ಕಮ್ಮಿ ಆಯ್ತಾರೆ ಅಂತ.”

ನಾನು ಹಾಗೆ ಹೇಳಿರಲಿಲ್ಲ. ಹೇಳಿಲ್ಲ ಕಣಪ್ಪಾ ಎಂದೆ. ಅವನು ನಂಬಲಿಲ್ಲ.